ಮಧ್ಯಾಹ್ನಕ್ಕೆ ಮೊದಲೇ ಬೆಟ್ಟ ಇಳಿಯಿರಿ

2024ರ ಮೇ ಕೊನೆಯ ವಾರ ರಾಜಸ್ಥಾನದ ಚುರು ಪಟ್ಟಣದಲ್ಲಿ ತಾಪಮಾನ 50 ಡಿಗ್ರಿ ದಾಟಿತ್ತು. ಉತ್ತರಾಖಂಡದ ಚೀಡ್ ಪೈನ್ ಕಾಡುಗಳು ಏಪ್ರಿಲ್‌ನಿಂದಲೂ ಅಲ್ಲಲ್ಲಿ ಹೊತ್ತಿ ಉರಿಯುತ್ತಿದ್ದವು. ಅದೇ ರಾಜ್ಯದ ಸಹಸ್ರತಾಲ್ ಎಂಬ ಸರೋವರ, ಹದಿನಾಲ್ಕು ಸಾವಿರ ಅಡಿಗೂ ಮೇಲೆ, ಉತ್ತರಕಾಶಿ ಮತ್ತು ಟೆಹ್ರಿ ಜಿಲ್ಲೆಗಳ ಗಡಿಯಲ್ಲಿದೆ. ಜೂನ್ 3ರಂದು ಕರ್ನಾಟಕದ ಚಾರಣಿಗರ ತಂಡವೊಂದು ಸರೋವರ ನೋಡಿ ಹಿಂದಿರುಗುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಗಾಳಿ ಎದ್ದಿತು, ಅದರ ಬೆನ್ನಿಗೇ ಹಿಮ ಬಂತು, ಮುಂದಿನ ದಾರಿ ಕಾಣದಾಯಿತು. ಸ್ಥಳೀಯ ಮಾರ್ಗದರ್ಶಿಗಳೂ ಸೇರಿ 22 ಜನರಿದ್ದ ಆ ತಂಡದಲ್ಲಿ ಒಂಬತ್ತು ಮಂದಿ ಬದುಕಿ ಬರಲಿಲ್ಲ. ಸುದ್ದಿ ಕೆಳಗೆ ಮುಟ್ಟಿ, ವಾಯುಪಡೆಯ ಹೆಲಿಕಾಪ್ಟರ್‌ಗಳು ಮೇಲೇರಿ, ಉಳಿದ 13 ಮಂದಿಯನ್ನು ಕರೆತರಲಾಯಿತು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತರು.

ಇದಾಗಿ ಹತ್ತು ದಿನಕ್ಕೆ, ಜೂನ್ 13ರಂದು, ಉತ್ತರಾಖಂಡದ್ದೇ ಬಿನ್ಸರ್ ಅಭಯಾರಣ್ಯದಲ್ಲಿ ಕಾಡ್ಗಿಚ್ಚು ಆರಿಸಲು ಹೋದ ನಾಲ್ವರು ಅರಣ್ಯ ಸಿಬ್ಬಂದಿ ಸ್ಥಳದಲ್ಲೇ ಸುಟ್ಟು ಸತ್ತರು. ಒಂದೇ ರಾಜ್ಯ, ಒಂದೇ ತಿಂಗಳು; ಒಂದು ಕಡೆ ಹಿಮ, ಇನ್ನೊಂದು ಕಡೆ ಬೆಂಕಿ. ಬೇಸಿಗೆ ಮುಗಿಯುವ ಹೊತ್ತಿನ ಪರ್ವತದ ಸ್ವಭಾವ ಇದು. ರಜೆ, ಟಿಕೆಟ್ಟು, ಬ್ಯಾಗು ಎಲ್ಲವನ್ನೂ ತಿಂಗಳುಗಟ್ಟಲೆ ಮೊದಲೇ ಹೊಂದಿಸಿಕೊಳ್ಳುವ ಚಾರಣಪ್ರಿಯರು ಈ ಸ್ವಭಾವವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಈ ಮನವಿ ಅವರಿಗೆ, ಅವರನ್ನು ಕರೆದೊಯ್ಯುವವರಿಗೆ, ಮನೆಯಲ್ಲಿ ಕಾಯುವವರಿಗೆ.

ಸಾವಿರ ಮೀಟರ್ ಏರಿದರೆ ತಾಪಮಾನ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಡೆಹ್ರಾಡೂನಿನಲ್ಲಿ 40 ಡಿಗ್ರಿ ಬಿಸಿಲಿದ್ದ ದಿನ ಸಹಸ್ರತಾಲ್‌ನಂಥ ಎತ್ತರದಲ್ಲಿ ಹದಿನೈದರ ಆಸುಪಾಸು ಇದ್ದೀತು, ಅದೂ ಗಾಳಿ ಸುಮ್ಮನಿದ್ದು ಆಕಾಶ ತಿಳಿಯಾಗಿದ್ದರೆ. ಬಿರುಗಾಳಿಯೊಂದಿಗೆ ಹಿಮ ಸುರಿದರೆ ಆ ಹದಿನೈದೂ ನಿಮಿಷಗಳಲ್ಲಿ ಕರಗಿ ಹೋಗುತ್ತದೆ. ಒದ್ದೆಯಾದ ಬಟ್ಟೆಯ ಮೇಲೆ ಗಾಳಿ ಬೀಸಿದಾಗ ಮೈಯ ಶಾಖ ಸೋರಿಹೋಗುವ ವೇಗ ಊಹೆಗೆ ಮೀರಿದ್ದು. ಮೊದಲು ನಡುಕ ಬರುತ್ತದೆ. ಆಮೇಲೆ ಬೆರಳುಗಳಿಗೆ ಜಿಪ್ ಎಳೆಯಲೂ ಬರುವುದಿಲ್ಲ, ಮಾತು ತೊದಲುತ್ತದೆ. ದೇಹದ ಉಷ್ಣತೆ 35 ಡಿಗ್ರಿಗಿಂತ ಕೆಳಗೆ ಜಾರುತ್ತ ಹೋದಂತೆ ಬುದ್ಧಿ ಮಂಕಾಗಿ, ‘ನೀವು ನಡೀರಿ, ನಾನು ಸ್ವಲ್ಪ ಕೂತು ಬರ್ತೀನಿ’ ಅನ್ನುತ್ತಾರೆ. ಹಾಗೆ ಹೇಳಿದವರನ್ನು ಬಿಟ್ಟು ಹೋಗಲೇಬಾರದು. ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ಸ್ಲೀಪಿಂಗ್ ಬ್ಯಾಗಿನಲ್ಲಿ ಮೈಗೆ ಮೈ ತಾಗಿಸಿ ಕೂರಿಸಬೇಕು. ಆ ಒಣ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪ್ರತಿಯೊಬ್ಬರ ಬೆನ್ನ ಮೇಲೇ ಇರಬೇಕು. ಕ್ಯಾಂಪಿನ ಟೆಂಟಿನಲ್ಲಿದ್ದರೆ ಇದ್ದೂ ಇಲ್ಲದಂತೆ.

ಹಿಮಾಲಯಕ್ಕೆ ಹೋಗದವರೂ ಇದನ್ನು ತಮಗೆ ಸಂಬಂಧಿಸಿದ್ದಲ್ಲ ಅಂದುಕೊಳ್ಳಬಾರದು. ನಮ್ಮ ಮಲೆನಾಡಿನಲ್ಲಿ ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ ಇಂಥದ್ದೇ. ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಅನೇಕ ಚಾರಣದ ಹಾದಿಗಳನ್ನು ಮುಚ್ಚುತ್ತದೆ. ಆದರೆ ರಸ್ತೆ ಇರುವ ಬೆಟ್ಟಗಳಿಗೆ ಶಾಲೆ ರಜೆಯ ಏಪ್ರಿಲ್, ಮೇ ತಿಂಗಳಲ್ಲೇ ಕಾರುಗಳ ಸಾಲು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯನ್ನೇ ನೋಡಿ. ಕಾರು ನಿಲ್ಲಿಸಿ ಮೆಟ್ಟಿಲು ಹತ್ತಿದರೆ ತುದಿ. ಸುತ್ತ ಒಣಗಿದ ಹುಲ್ಲುಗಾವಲು, ಮರೆಗೆ ಮರವಿಲ್ಲ. ಬೆಳಿಗ್ಗೆ ಆಕಾಶ ಸ್ವಚ್ಛ. ಬಿಸಿಲು ಏರಿದಂತೆ ಕಾದ ಇಳಿಜಾರಿನ ಗಾಳಿ ಮೇಲೇಳುತ್ತದೆ, ಅರಬ್ಬಿ ಸಮುದ್ರದ ತೇವ ಪಡುವಣದಿಂದ ಘಟ್ಟ ಹತ್ತಿ ಬರುತ್ತದೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಬೆಳ್ಳಗೆ ಹೂಕೋಸಿನಂತೆ ಉಬ್ಬುವ ಮೋಡ ಎರಡು, ಮೂರು ಗಂಟೆಗೆ ಬುಡ ಕಪ್ಪಾಗಿ ನಿಲ್ಲುತ್ತದೆ. ಧಗೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆ ಗಾಳಿ ಬೀಸಿದರೆ ಜನ ‘ಹಾಯ್’ ಎಂದು ಕೈಚಾಚಿ ಫೋಟೋಗೆ ನಿಲ್ಲುತ್ತಾರೆ. ಓಡಿ ಇಳಿಯಬೇಕಾದ ಘಳಿಗೆ ಅದೇ.

ಮುಂಗಾರು ಹಿಡಿದ ಮೇಲೆ ದಿನಗಟ್ಟಲೆ ಸುರಿಯುವ ಮಳೆಯಲ್ಲಿ ಸಿಡಿಲು ಕಡಿಮೆ. ಸಿಡಿಲಿನ ಕಾಟವೆಲ್ಲ ಅದಕ್ಕೆ ಮುಂಚಿನ, ಗಂಟೆ ಹೊತ್ತಿನ ಈ ಮಳೆಗಳಲ್ಲೇ ಹೆಚ್ಚು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರ ಒಂದೇ ವರ್ಷ ದೇಶದಲ್ಲಿ ಸಿಡಿಲಿಗೆ ಬಲಿಯಾದವರು 2,887 ಮಂದಿ. ಸಿಡಿಲು ಮೋಡದ ಬುಡದಲ್ಲೇ ಬೀಳಬೇಕೆಂದಿಲ್ಲ. ಹತ್ತು ಕಿಲೋಮೀಟರ್ ಆಚೆಗೂ ಎರಗುತ್ತದೆ. ಗುಡುಗು ಕಿವಿಗೆ ಬಿತ್ತು ಅಂದರೆ, ನೆತ್ತಿಯ ಮೇಲೆ ಬಿಸಿಲಿದ್ದರೂ, ಆ ಜಾಗ ಸುರಕ್ಷಿತವಲ್ಲ. ಒಂಟಿ ಮರದ ಬುಡ, ತೆರೆದ ಮಂಟಪ, ಬಂಡೆಯ ಚಾಚಿನ ಅಡಿ, ಇವು ಮಳೆಗೆ ಮರೆಯೇ ಹೊರತು ಸಿಡಿಲಿಗಲ್ಲ. ಗಾಜು ಏರಿಸಿದ ಕಾರು ಮೇಲು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಹೆದರಿಕೆಗೆ ಆಧಾರವಿಲ್ಲ. ಉಸಿರು, ನಾಡಿ ನಿಂತಿದ್ದರೆ ತಕ್ಷಣ ಎದೆ ಒತ್ತತೊಡಗಿದರೆ ಜೀವ ಉಳಿಯುವ ಸಂಭವ ನಿಜಕ್ಕೂ ಇದೆ.

ಮುನ್ಸೂಚನೆಗೆ ಕೊರತೆಯಿಲ್ಲ. ಹವಾಮಾನ ಇಲಾಖೆ ಜಿಲ್ಲಾವಾರು ಎಚ್ಚರಿಕೆ ಕೊಡುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲನ್ನು ತೋರಿಸುತ್ತದೆ. ಸಿಗ್ನಲ್ ಇಲ್ಲದ ಬೆಟ್ಟದಲ್ಲಿ ಅದು ಕೆಲಸಕ್ಕೆ ಬಾರದು, ಬೆಳಿಗ್ಗೆ ಹೊರಡುವಾಗಲೇ ನೋಡಿಕೊಳ್ಳಬೇಕು. ನಿಜವಾದ ಅಡ್ಡಿ ಮನಸ್ಸಿನದು. ಇಷ್ಟು ದುಡ್ಡು ಸುರಿದು, ಇಷ್ಟು ದೂರ ಬಂದು, ತುದಿ ಕಾಣುತ್ತಿರುವಾಗ ತಿರುಗುವುದೇ? ಸಾಮಾನ್ಯ ಚಾರಣಿಗನಿಗೆ ಆ ಕ್ಷಣದಲ್ಲಿ ಒಬ್ಬನೇ ‘ಬೇಡ’ ಅನ್ನುವುದು ಕಷ್ಟ. ಅದಕ್ಕೇ ತಿರುಗುವ ಗಂಟೆ ಹಿಂದಿನ ರಾತ್ರಿಯೇ ನಿಗದಿಯಾಗಬೇಕು: ಮಧ್ಯಾಹ್ನದೊಳಗೆ ತುದಿ ಬಿಟ್ಟು ಇಳಿಯುತ್ತಿರಬೇಕು, ಎಲ್ಲಿಗೆ ತಲುಪಿದ್ದರೂ ಸರಿ.

ಸಂಘಟಕರಲ್ಲಿ ಕೇಳಿಕೊಳ್ಳುವುದು ಒಂದೇ: ಕಾರ್ಯಕ್ರಮ ಪಟ್ಟಿಯಲ್ಲಿ ಹವೆ ಕೆಟ್ಟರೆ ಕಾಯಲು ಒಂದು ದಿನ ಬಿಡಿ, ತುದಿ ಮುಟ್ಟದೆ ಮರಳಿದ ತಂಡವನ್ನು ಸೋತ ತಂಡವೆಂದು ಕಾಣಬೇಡಿ. ಮನೆಯವರು ಫೋನಿನಲ್ಲಿ ‘ತುದಿ ಮುಟ್ಟಿದ್ರಾ?’ ಎಂದು ಕೇಳುವ ಬದಲು ‘ಎಷ್ಟೊತ್ತಿಗೆ ಇಳಿದ್ರಿ?’ ಎಂದು ಕೇಳಲಿ. ಬರುವ ಮೇ ತಿಂಗಳಿಗೆ ಮುಂಗಡ ಕಟ್ಟುವವರು ಕಟ್ಟುವ ಮೊದಲೇ ವಿಚಾರಿಸಲಿ: ತಿರುಗುವ ಗಂಟೆ ಯಾವುದು, ಸಿಗ್ನಲ್ ಇಲ್ಲದ ಕಡೆ ಕೆಳಗಿನವರಿಗೆ ಸುದ್ದಿ ಮುಟ್ಟಿಸುವ ವ್ಯವಸ್ಥೆ ಏನು, ಮಾರ್ಗದರ್ಶಿ ‘ವಾಪಸ್’ ಅಂದರೆ ಆ ಮಾತೇ ಕೊನೆಯೇ. ಉತ್ತರ ತಡವರಿಸಿದರೆ ದುಡ್ಡು ಕಟ್ಟಬೇಡಿ.