ತೂಬಿನ ಕೀಲಿ ಯಾರ ಕೈಯಲ್ಲಿ?

ಭದ್ರಾ ನಾಲೆಗಳಿಗೆ ನೀರು ಬಿಡುವ ದಿನವನ್ನು ನಿರ್ಧರಿಸಲು ನೀರಾವರಿ ಸಲಹಾ ಸಮಿತಿ ಸೇರಿದಾಗಲೆಲ್ಲ ಎರಡು ಬೇಡಿಕೆಗಳು ಎದುರುಬದುರಾಗುತ್ತವೆ. ಮಳೆಗಾಲದಲ್ಲಿ ನೀರನ್ನು ಉಳಿಸಿ ಬೇಸಿಗೆಗೆ ಕೊಡಿ ಎಂಬುದು ಮೇಲ್ಭಾಗದ ಅಡಿಕೆ ಬೆಳೆಗಾರರ ಬೇಡಿಕೆ. ನಾಟಿ ಮಾಡಿ ಕುಳಿತಿದ್ದೇವೆ, ನಡುವೆ ನಿಲ್ಲಿಸಬೇಡಿ ಎಂಬುದು ದಾವಣಗೆರೆ ಸೀಮೆಯ ಭತ್ತದ ರೈತರ ಬೇಡಿಕೆ. ಮಳೆ ಕೈಕೊಟ್ಟ 2023ರಲ್ಲಿ ಮುಂಗಾರು ಬೆಳೆಗೆ ನೂರು ದಿನ ನೀರೆಂದು ಮೊದಲು ತೀರ್ಮಾನವಾಗಿ, ಆಮೇಲೆ ಬಿಟ್ಟು ಬಿಟ್ಟು ಹರಿಸುವ ‘ಆನ್-ಆಫ್’ ಪದ್ಧತಿಗೆ ಬದಲಾದಾಗ ದಾವಣಗೆರೆಯ ರೈತರು ಬೀದಿಗಿಳಿದರು. ಎರಡೂ ಕಡೆಯ ಮಾತಿನಲ್ಲಿ ನ್ಯಾಯವಿದೆ. ಆದರೆ ಗಮನಿಸಿ: ಅಲ್ಲಿ ಚರ್ಚೆಯಾದದ್ದು ಎಷ್ಟು ದಿನ ನೀರು ಎಂಬುದೇ ಹೊರತು, ಯಾವ ಉಪನಾಲೆಗೆ ಎಷ್ಟು ನೀರು ಎಂಬುದಲ್ಲ. ನಾಲೆ ಹರಿದ ದಿನಗಳೆಲ್ಲ ಕೊನೆಭಾಗದ ಗದ್ದೆಗೆ ನೀರು ತಲುಪಿದ ದಿನಗಳಾಗಿರುವುದಿಲ್ಲ ಎಂಬುದನ್ನು ಆ ಭಾಗದ ಯಾವ ರೈತನಾದರೂ ಹೇಳಬಲ್ಲ.

ಬಯಲುಸೀಮೆಯ ನಾಲೆಯ ಜಗಳ ಮಲೆನಾಡಿನವರಾದ ನಮಗೇಕೆ ಎಂದು ಕೇಳುವವರಿದ್ದಾರೆ. ಭದ್ರೆ ಹುಟ್ಟುವುದು ಗಂಗಾಮೂಲದ ಕಾಡಿನಲ್ಲಿ. ಲಕ್ಕವಳ್ಳಿಯ ಅಣೆಕಟ್ಟಿಗಾಗಿ ಮುಳುಗಿದ್ದು ಮಲೆನಾಡಿನ ನೆಲ. ಕುದುರೆಮುಖದ ಗಣಿಗಾರಿಕೆ 2005ರ ಕೊನೆಯಲ್ಲಿ ನಿಂತಿತಲ್ಲ, ಆ ಹೋರಾಟದಲ್ಲಿ ಭದ್ರೆಗೆ ಸೇರುತ್ತಿದ್ದ ಹೂಳಿನ ಪ್ರಶ್ನೆಯೇ ಮುಖ್ಯವಾಗಿತ್ತು. ಅದರಲ್ಲಿ ಅಚ್ಚುಕಟ್ಟಿನ ರೈತರ ಹಿತವೂ ಅಡಗಿತ್ತು. ಇದಕ್ಕೂ ಮಿಗಿಲಾದ ಕಾರಣವೊಂದಿದೆ. ಕೆಳಗೆ ನಾಲೆಯ ಕೊನೆಯಲ್ಲಿ ಉಂಟಾಗುವ ಪ್ರತಿಯೊಂದು ಕೊರತೆಯೂ ಮೇಲೆ ಘಟ್ಟದಲ್ಲಿ ಹೊಸದೊಂದು ಯೋಜನೆಗೆ ಸಮರ್ಥನೆಯಾಗಿ ಬರುತ್ತದೆ. ಹಂಚಿಕೆಯಲ್ಲಿ ಕಳೆದುಹೋದ ನೀರನ್ನು ಕಾಡಿನಲ್ಲಿ ಹುಡುಕಲು ಹೊರಡುವ ಈ ಪರಿಪಾಠವನ್ನು ನಾವು ಸಾಕಷ್ಟು ಕಂಡಿದ್ದೇವೆ.

ಕಾನೂನಿನಲ್ಲಿ ಪರಿಹಾರವಿಲ್ಲವೇ? ಇದೆ. ಕರ್ನಾಟಕ ನೀರಾವರಿ ಕಾಯ್ದೆ 1965ಕ್ಕೆ 2000ನೇ ಇಸವಿಯಲ್ಲಿ ತಿದ್ದುಪಡಿಯಾಯಿತು. ಗ್ರಾಮಮಟ್ಟದಲ್ಲಿ ನೀರು ಬಳಕೆದಾರರ ಸಹಕಾರ ಸಂಘ, ಅದರ ಮೇಲೆ ವಿತರಣಾ ನಾಲೆಯ ಮಟ್ಟದ ಒಕ್ಕೂಟ, ಯೋಜನಾ ಮಟ್ಟದ ಒಕ್ಕೂಟ, ರಾಜ್ಯಕ್ಕೊಂದು ಮಹಾಮಂಡಲ ಎಂಬ ನಾಲ್ಕು ಹಂತಗಳನ್ನು ಅದು ಕಲ್ಪಿಸಿತು. ಸಂಘವು ಇಲಾಖೆಯಿಂದ ನೀರನ್ನು ಸಗಟಾಗಿ ಅಳೆದು ಪಡೆದು ತನ್ನ ಸದಸ್ಯರಿಗೆ ಹಂಚಬೇಕು, ಕರ ವಸೂಲು ಮಾಡಬೇಕು, ಹೊಲಗಾಲುವೆಗಳನ್ನು ನೋಡಿಕೊಳ್ಳಬೇಕು ಎಂಬುದು ಅದರ ಆಶಯ. ಸಂಘಗಳು ನೋಂದಣಿಯಾದವು, ಫಲಕಗಳು ಬಿದ್ದವು. ಆದರೆ ಒಪ್ಪಂದದ ಎರಡು ಬದಿಗಳಲ್ಲಿ ಒಂದು ಮಾತ್ರ ಜಾರಿಗೆ ಬಂದಿತು. ಕಾಲುವೆಯ ಹೂಳೆತ್ತುವುದು, ಕರ ಸಂಗ್ರಹಿಸುವುದು, ಸಭೆಯ ನಡಾವಳಿ ಬರೆದಿಡುವುದು ರೈತರ ಪಾಲಾಯಿತು. ಅಳತೆಯ ನೀರು ಎಂಬ ಇಲಾಖೆಯ ಪಾಲಿನ ಕೆಲಸ ಬಹುಪಾಲು ಕಡೆ ಆಗಲೇ ಇಲ್ಲ. ಉಪನಾಲೆಯ ಬಾಯಲ್ಲಿ ಮಾಪಕವಿಲ್ಲ. ಇದ್ದರೂ ಅದರ ಲೆಕ್ಕ ರೈತರ ಕಣ್ಣಿಗೆ ಬೀಳುವುದಿಲ್ಲ. ಕರವೂ ಎಕರೆ ಮತ್ತು ಬೆಳೆಯನ್ನು ಅವಲಂಬಿಸಿದೆಯೇ ಹೊರತು ಬಳಸಿದ ನೀರನ್ನಲ್ಲ. ತನಗೆ ಎಷ್ಟು ಬರಬೇಕೆಂಬುದೇ ತಿಳಿಯದ ಸಂಘ ಏನನ್ನು ತಾನೇ ಹಂಚೀತು? ಹೀಗಿರುವಾಗ ‘ರೈತರಿಗೆ ಆಸಕ್ತಿಯಿಲ್ಲ, ಸಂಘಗಳು ನಿಷ್ಕ್ರಿಯವಾಗಿವೆ’ ಎಂದು ವರದಿ ಬರೆಯುವುದು ಸುಲಭ.

ಕೃಷಿ ವಿಜ್ಞಾನದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಬೇಕಾಗಿಲ್ಲ. ನಾಟಿಯಾಗಿ ಪೈರು ಬೇರೂರಿದ ಮೇಲೆ, ರಂಧ್ರಗಳಿರುವ ಕೊಳವೆಯೊಂದನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ 5 ಸೆಂ.ಮೀ. ನೀರು ಕೊಟ್ಟರೆ ಸಾಕು. ಹೂ ಬಿಡುವ ಹೊತ್ತಿನಲ್ಲಿ ಮಾತ್ರ ನೀರು ತಪ್ಪಬಾರದು. ಇಳುವರಿ ಕುಂದದೆ ಶೇಕಡಾ 30ರವರೆಗೆ ನೀರು ಉಳಿಯಬಲ್ಲದೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಹೇಳುತ್ತ ಬಂದಿದೆ. ಈ ಪದ್ಧತಿಯ ಬಗ್ಗೆ ತರಬೇತಿಗಳಿಗೇನೂ ಕೊರತೆಯಿಲ್ಲ. ಆದರೂ ಅಚ್ಚುಕಟ್ಟಿನ ರೈತ ಬದುವಿನ ಅಂಚಿನವರೆಗೆ ನೀರು ತುಂಬಿಸುತ್ತಾನೆ. ಇದನ್ನು ಅಜ್ಞಾನವೆನ್ನುವವರು ನಾಲೆಯ ಮೇಲೆ ನಡೆದು ನೋಡಿದವರಲ್ಲ. ಮುಂದಿನ ಸರದಿ ಎಂದು ಬರುತ್ತದೆ, ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಿಲ್ಲದವನಿಗೆ ಗದ್ದೆಯೇ ಕೆರೆ. ಎಂಟನೆಯ ದಿನ ನೀರು ಖಂಡಿತ ಬರುವುದೆಂಬ ನಂಬಿಕೆಯಿದ್ದವನು ಮಾತ್ರ ಏಳನೆಯ ದಿನ ಗದ್ದೆಯನ್ನು ಒಣಗಲು ಬಿಟ್ಟಾನು.

ಈ ಅಪನಂಬಿಕೆಯ ಬೆಲೆಯನ್ನು ಲೆಕ್ಕ ಹಾಕಬಹುದು. ಒಂದು ಹೆಕ್ಟೇರಿನಲ್ಲಿ 5 ಸೆಂ.ಮೀ. ನೀರೆಂದರೆ 500 ಘನ ಮೀಟರ್. ಭದ್ರಾ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ಅದರ ಅರ್ಧದಷ್ಟು, ಅಂದರೆ 50 ಸಾವಿರ ಹೆಕ್ಟೇರಿನಲ್ಲಿ ಒಂದೇ ಒಂದು ಬಾರಿ ಹೀಗೆ ಹೆಚ್ಚುವರಿ ನೀರು ನಿಂತರೆ ಅದು 2.5 ಕೋಟಿ ಘನ ಮೀಟರ್, ಸುಮಾರು 0.9 ಟಿಎಂಸಿ. ಇಂಗಿದ್ದರಲ್ಲಿ ಒಂದಷ್ಟು ಹಳ್ಳ ಸೇರಿ, ಬಾವಿ ಸೇರಿ ಮರಳಿ ಬಳಕೆಗೆ ಬರುತ್ತದೆಂಬುದು ನಿಜ. ಆದರೆ ತಗ್ಗಿನ ಕಪ್ಪುಮಣ್ಣಿನಲ್ಲಿ ಅದೇ ನೀರು ಜವುಳಾಗಿ, ಸವುಳಾಗಿ ಮೇಲೇಳುತ್ತದೆ ಎಂಬುದೂ ಅಷ್ಟೇ ನಿಜ.

ನಮ್ಮ ಮಲೆನಾಡಿನ ಅಬ್ಬಿ ನೀರಿನ ಪದ್ಧತಿಯನ್ನು ಇಲ್ಲಿ ನೆನೆಯುವವರುಂಟು. ಅಡಿಕೆ ದಂಬೆಯಲ್ಲಿ ಹರಿದು ಬರುವ ನೀರನ್ನು ತೋಟದವರು ಸರದಿಯ ಮೇಲೆ ಹಂಚಿಕೊಳ್ಳುತ್ತಿದ್ದುದು ಸತ್ಯ. ಅಲ್ಲಿ ನೀರು ಕಣ್ಣಿಗೆ ಕಾಣುತ್ತಿತ್ತು, ಕದ್ದವನೂ ಕಾಣುತ್ತಿದ್ದ. ಹಾಗೆಂದು ಅದನ್ನು ರಾಮರಾಜ್ಯವೆಂದು ವರ್ಣಿಸಬೇಕಾಗಿಲ್ಲ. ತೋಟವಿಲ್ಲದವನಿಗೆ ಅದರಲ್ಲಿ ಸರದಿಯೇ ಇರಲಿಲ್ಲ. ಇಂದಿನ ಸಂಘಗಳಲ್ಲೂ ಪಹಣಿಯಲ್ಲಿ ಹೆಸರಿದ್ದವರದೇ ಮಾತು. ಲಾವಣಿಗೆ ಹಿಡಿದು ಉಳುವವನಿಗೂ, ಕಳೆ ಕೀಳುವ ಹೆಂಗಸರಿಗೂ ಸಭೆಯಲ್ಲಿ ಜಾಗವಿಲ್ಲ.

ನಾಲೆ ನೀರಾವರಿಗೇ ಹೊಂದುವ ಉದಾಹರಣೆ ಬೇಕಿದ್ದರೆ ನಾಸಿಕ ಜಿಲ್ಲೆಯ ವಾಘಾಡ ಯೋಜನೆಯನ್ನು ನೋಡಬಹುದು. ಓಝರ್‌ನ ಸಮಾಜ ಪರಿವರ್ತನ ಕೇಂದ್ರದ ಬೆಂಬಲದಿಂದ 1990ರ ದಶಕದ ಆರಂಭದಲ್ಲಿ ಅಲ್ಲಿ ಮೊದಲು ಸಂಘ ಕಟ್ಟಿದವರು ನಾಲೆಯ ಕೊನೆಭಾಗದ ರೈತರು. ಎಕರೆಯ ಲೆಕ್ಕವನ್ನು ಬಿಟ್ಟು ಅಳತೆಯ ಲೆಕ್ಕದಲ್ಲಿ ನೀರು ಪಡೆದರು. ಆ ಅಳತೆಯೊಳಗೆ ಯಾವ ಬೆಳೆ ಬೇಕಾದರೂ ಬೆಳೆಯುವ ಸ್ವಾತಂತ್ರ್ಯ ಅವರದಾಯಿತು. 2003ರ ವೇಳೆಗೆ ಇಡೀ ಯೋಜನೆಯ ಸಂಘಗಳು ಒಕ್ಕೂಟವಾಗಿ ನಿರ್ವಹಣೆಯನ್ನೇ ವಹಿಸಿಕೊಂಡವು. ಮಹಾರಾಷ್ಟ್ರದ 2005ರ ಕಾಯ್ದೆಯಲ್ಲಿ ಅಳತೆಯ ನೀರಿಗೂ ಬೆಳೆಯ ಆಯ್ಕೆಗೂ ಸ್ಥಾನ ದೊರೆಯಿತು. ಅಲ್ಲಿ ಎಲ್ಲೆಡೆಯೂ ಹೀಗಾಗಿದೆಯೆಂದಲ್ಲ. ಆದರೆ ಸಂಘ ಗಟ್ಟಿಯಾದ ಕಡೆ ಮೊದಲು ಬಂದದ್ದು ಮಾಪಕ.

ನಮ್ಮಲ್ಲಿ 2024ರಲ್ಲಿ ನೀರಾವರಿ ಕಾಯ್ದೆಗೆ ಮತ್ತೆ ತಿದ್ದುಪಡಿಯಾಗಿ, ನಾಲೆಯಿಂದ ಅಕ್ರಮವಾಗಿ ನೀರೆತ್ತುವವರಿಗೆ ದಂಡ, ಜೈಲುವಾಸ ಬಿಗಿಯಾಗಿದೆ. ಮೇಲ್ಭಾಗದ ಅಕ್ರಮ ಪಂಪ್‌ಸೆಟ್ಟುಗಳಿಗೆ ಕಡಿವಾಣ ಬೇಕು, ಸಂದೇಹವಿಲ್ಲ. ಆದರೆ ಎಷ್ಟು ಸಕ್ರಮ ಎಂಬುದನ್ನೇ ಅಳೆಯದೆ ಅಕ್ರಮವನ್ನು ಅಳೆಯುವುದು ಹೇಗೆ?

ಈ ಪ್ರಶ್ನೆ ಈಗ ತುರ್ತಿನದು. ಭದ್ರಾ ಮೇಲ್ದಂಡೆ ಯೋಜನೆಯಡಿ ತುಂಗೆಯಿಂದ 17.40 ಟಿಎಂಸಿ ಎತ್ತಿ ಭದ್ರೆಗೆ ಸೇರಿಸಿ, ಅಲ್ಲಿಂದ ಒಟ್ಟು 29.90 ಟಿಎಂಸಿಯನ್ನು ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ಬರಪೀಡಿತ ಭಾಗಗಳಿಗೆ ಒಯ್ಯಲಾಗುತ್ತದೆ. ಭದ್ರಾ ನಾಲೆಗಳ ಆಧುನೀಕರಣದಿಂದ ಉಳಿಯುವ ನೀರೂ ಈ ಲೆಕ್ಕದಲ್ಲಿದೆ. ಬರದ ನಾಡಿನವರ ಹಕ್ಕನ್ನು ನಾವು ಅಲ್ಲಗಳೆಯುವುದಿಲ್ಲ. ಉಳಿದಿದೆ ಎನ್ನಲಾದ ನೀರನ್ನು ತೋರಿಸಿ ಎಂದಷ್ಟೇ ಕೇಳುತ್ತೇವೆ. ಪ್ರತಿ ವಿತರಣಾ ನಾಲೆಯ ಬಾಯಲ್ಲಿ ಮಾಪಕ ಕೂರಲಿ. ವಾರದ ಲೆಕ್ಕವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಕೊನೆಭಾಗದ ಸಂಘಗಳ ಪ್ರತಿನಿಧಿಗಳಿಗೆ ಸಲಹಾ ಸಮಿತಿಯಲ್ಲಿ ಮತ ಸಿಗಲಿ. ತೂಬಿನ ಕೀಲಿ ಹಿಡಿದ ನೀರುಗಂಟಿ ಸಂಘಕ್ಕೆ ಉತ್ತರ ಕೊಡುವವನಾಗಲಿ. ಮೇಲ್ದಂಡೆಯ 2.25 ಲಕ್ಷ ಹೆಕ್ಟೇರಿಗೆ ಹನಿ ನೀರಾವರಿ ಎನ್ನುತ್ತಿದ್ದಾರೆ. ಆ ಕೊಳವೆಗಳ ಕವಾಟವನ್ನೂ ರೈತರ ಸಂಘಗಳೇ ತಿರುಗಿಸಬೇಕಾದೀತು. ಅವು ಕಾಗದದ ಸಂಘಗಳೇ ಆಗುವುದಾದರೆ, ಅಲ್ಲಿಯ ಕೊನೆಭಾಗದ ಕೊರತೆಗೆ ಮುಂದೆ ಯಾವ ಹೊಳೆಯ ಹೆಸರು ಹೇಳುತ್ತಾರೆಂಬುದನ್ನು ಜಲಸಂಪನ್ಮೂಲ ಇಲಾಖೆ ಈಗಲೇ ತಿಳಿಸುವುದು ಒಳಿತು.