ಮನೆಯಲ್ಲೇ ಓದಿಸ್ತೀರಾ? ಓದಿಸಿ ಸ್ವಾಮಿ, ಆದರೆ ಯಾವ ಭಾಷೆಯಲ್ಲಿ?

ಏಪ್ರಿಲ್ ಬಂತೆಂದರೆ ನನ್ನಂಥ ಪ್ರೆಸ್ಸಿನವನಿಗೆ ಸುಗ್ಗಿ. ಒಂದು ಕಡೆ ಮದುವೆ ಪತ್ರಿಕೆ, ಇನ್ನೊಂದು ಕಡೆ ಶಾಲೆಗಳ ಕರಪತ್ರ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯಿಂದ ಆಡಳಿತ ಮಂಡಳಿಯವರು ಬಂದು ಕೂರುತ್ತಾರೆ. 'ಅಡ್ಮಿಷನ್ಸ್ ಓಪನ್' ಅಂತ ದಪ್ಪಕ್ಷರ. ಟೈ ಕಟ್ಟಿದ ಕೆಂಪು ಕೂದಲಿನ ಮಗುವಿನ ಚಿತ್ರ (ಆ ಮಗು ನಮ್ಮ ಜಿಲ್ಲೆಯದಿರಲಿ, ಈ ದೇಶದ್ದೂ ಅಲ್ಲ). ಕೆಳಗೆ ಹಳದಿ ಬಸ್ಸು ಓಡಾಡುವ ಹಳ್ಳಿಗಳ ಪಟ್ಟಿ. ಅರಕಲಗೂಡು ಕಡೆಯ ಒಂದು ಕರಪತ್ರದಲ್ಲಿ ಹಳ್ಳಿಗಳ ಹೆಸರೂ ಇಂಗ್ಲಿಷಿನಲ್ಲೇ ಇರಬೇಕು ಅಂದರು. ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಹೆಸರಿನ ಮೊದಲ ಅಕ್ಷರದಲ್ಲೇ ಅರಕಲಗೂಡನ್ನು ಹೊತ್ತುಕೊಂಡು 1960ರ ದಶಕದಲ್ಲಿ ಬೆಂಗಳೂರಿನ ಬೀದಿಗಿಳಿದು ಕನ್ನಡಕ್ಕೆ ಹೋರಾಡಿದ ಅನಕೃ ಅವರ ಮನೆತನದ ಊರು ಸ್ವಾಮಿ ಅದು!

ಅಚ್ಚು ಹಾಕಿದವನು ಯಾರು? ನಾನೇ. ಐದು ಸಾವಿರ ಪ್ರತಿ. ದುಡ್ಡೂ ಎಣಿಸಿಕೊಂಡೆ. ನನ್ನ ಕೈಯ ಮಸಿಯನ್ನು ಮೊದಲೇ ತೋರಿಸಿಬಿಟ್ಟರೆ ಮುಂದಿನ ಮಾತು ಆಡುವುದಕ್ಕೆ ಸಂಕೋಚ ಇರುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ನನ್ನ ಅಕ್ಕನನ್ನು ಕೊಟ್ಟಿರುವುದು ಚನ್ನರಾಯಪಟ್ಟಣಕ್ಕೆ. ಅವಳ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಅವನಿಗೆ ಐದು ವರ್ಷದ ಹೆಣ್ಣು ಮಗು. ಯುಗಾದಿಗೆ ಎಲ್ಲರೂ ಸೇರಿದ್ದಾಗ ಒಬ್ಬಟ್ಟಿನ ಎಲೆ ಮುಂದೆ ಕೂತು ಹೇಳಿದ: "ಮಾವ, ಮಗೂನ ಸ್ಕೂಲಿಗೆ ಹಾಕಲ್ಲ ಅಂತ ತೀರ್ಮಾನ ಮಾಡಿದೀವಿ. ಹೋಮ್ ಸ್ಕೂಲಿಂಗ್."

ಅಕ್ಕ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. "ಶಾಲೆಗೇ ಹಾಕಲ್ಲ ಅಂದ್ರೆ ಏನೋ? ದನ ಕಾಯಿಸ್ತೀಯಾ?"

ನಾನು ನಗಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು. ಮೂರೂವರೆ ವರ್ಷಕ್ಕೆ ಪೆನ್ಸಿಲ್ ಹಿಡಿಸಿ ಬೆರಳು ಬಗ್ಗಿಸುವ ಕಾನ್ವೆಂಟುಗಳು, ಬೈಕಿನ ಬೆಲೆಯ ಶುಲ್ಕ, ಬೆಳಗ್ಗೆ ಏಳಕ್ಕೆ ಕಣ್ಣುಜ್ಜುತ್ತಾ ಬಸ್ಸು ಹತ್ತುವ ಕೂಸುಗಳು. ಇವು ಸುಳ್ಳೇ? ನನ್ನ ದೊಡ್ಡ ಮಗನನ್ನು ನಾನೂ ಅಂಥ ಒಂದು ಶಾಲೆಗೆ ಹಾಕಿದ್ದೆ. ಹೆಸರು ಬೇಡ. ತರಗತಿಯಲ್ಲಿ ಕನ್ನಡ ಮಾತಾಡಿದ್ದಕ್ಕೆ ಎಲ್‌ಕೆಜಿ ಮಗುವಿನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿ ದೂರು ಬರೆದು ಕಳಿಸಿದ್ದರು. ಅಪ್ಪನಾಗಿ ನಾನೇನು ಮಾಡಿದೆ? ಸಹಿ ಹಾಕಿ ವಾಪಸ್ ಕಳಿಸಿದೆ. ಆ ಸಹಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಆದ್ದರಿಂದ ಸೋದರಳಿಯನಿಗೆ ಬೈಯಲಿಲ್ಲ. "ಸರಿ, ಏನು ಓದಿಸ್ತೀಯಾ ತೋರಿಸಪ್ಪ" ಅಂದೆ. ಕಾರಿನಿಂದ ಒಂದು ಪೆಟ್ಟಿಗೆ ತಂದ. ಚಂದದ ಪೆಟ್ಟಿಗೆ, ಕಾಗದವೂ ಒಳ್ಳೆಯದು, ನನ್ನ ಕಸುಬಿನ ಕಣ್ಣಿಗೆ ಅದೇ ಮೊದಲು ಬಿತ್ತು. ಚಿತ್ರದ ಕಾರ್ಡು, ಕಥೆ ಪುಸ್ತಕ, ಲೆಕ್ಕದ ಮಣಿ, ಜೊತೆಗೆ ಟ್ಯಾಬಿನಲ್ಲಿ ನೋಡುವ ಪಾಠ. ಎಲ್ಲವೂ ಇಂಗ್ಲಿಷ್. ಎ ಫಾರ್ ಆಪಲ್‌ನಿಂದ ಹಿಡಿದು ಹಿಮದ ಮೇಲೆ ಜಾರುವ ಕರಡಿಯವರೆಗೆ.

"ಕನ್ನಡ ಎಲ್ಲಿ?"

"ಅದು ಸೆಕೆಂಡ್ ಲಾಂಗ್ವೇಜ್ ಮಾವ, ಆಮೇಲೆ ಮಾಡಿಸ್ತೀವಿ."

ಗೆಳೆಯರೇ, ಅಲ್ಲಿಗೆ ನನಗೆ ಅರ್ಥವಾಯಿತು. ಇವನು ಮಗುವನ್ನು ಕಾನ್ವೆಂಟಿನಿಂದ ಬಿಡಿಸುತ್ತಿಲ್ಲ. ಕಾನ್ವೆಂಟನ್ನೇ ಮನೆಯ ನಡುಮನೆಗೆ ತಂದು ಕೂರಿಸುತ್ತಿದ್ದಾನೆ. ಶಾಲೆಯಲ್ಲಾದರೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆದ ಮೇಲೆ ಕನ್ನಡ ಸಿಗುತ್ತಿತ್ತು. ಇಲ್ಲಿ ಗಂಟೆಯೇ ಇಲ್ಲ!

ಮನೆಪಾಠ ನಮಗೆ ಹೊಸದಲ್ಲ. ಶಾಲೆಗಿಂತ ಮೊದಲು ನಾನು ಅಕ್ಷರ ಕಲಿತದ್ದು ಅಪ್ಪನ ಟ್ರೆಡಲ್ ಪ್ರೆಸ್ಸಿನಲ್ಲಿ. 1982ರ ಗೋಕಾಕ್ ಚಳವಳಿಗೆ ಅಪ್ಪ ಪುಕ್ಕಟೆ ಕರಪತ್ರ ಅಚ್ಚು ಹಾಕಿಕೊಟ್ಟಿದ್ದರಂತೆ. ನಾನಾಗ ಎರಡು ಮೂರು ವರ್ಷದ ಕೂಸು. ಮೊಳೆ ಜೋಡಿಸುವವರು ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಒಂದೊಂದು ಮನೆಯಿಂದ ಒಂದೊಂದು ಮೊಳೆ ಎತ್ತಿ ಕೈಗಿಟ್ಟು "ಇದು ಅ, ಇದು ಕ" ಅನ್ನುತ್ತಿದ್ದರು. ಮೊಳೆಯ ಅಕ್ಷರ ತಿರುಗುಮುರುಗಾಗಿರುತ್ತದೆ ಎಂದು ಯಾರೂ ಹೇಳಲಿಲ್ಲ. ಒಂದನೇ ತರಗತಿಯಲ್ಲಿ ಸ್ಲೇಟಿನ ಮೇಲೆ ನಾನು ಬರೆದ ಅಕ್ಷರವನ್ನು ಮೇಷ್ಟ್ರು ಕನ್ನಡಿ ಹಿಡಿದು ಓದಬೇಕಾಗಿತ್ತು. ಮನೆಪಾಠದ ಲಾಭವೂ ಗೊತ್ತು, ಅದರ ಎಡವಟ್ಟೂ ಗೊತ್ತು.

ಹಳೆಯ ಕಾಲದ ಮನೆಪಾಠ ಹೇಗಿತ್ತು ಎಂಬುದನ್ನೂ ಮರೆಯಬಾರದು. ಅಗ್ರಹಾರದ ಜಗಲಿಯಲ್ಲಿ ಅಪ್ಪ ಮಗನಿಗೆ ಕಲಿಸುತ್ತಿದ್ದ. ದುಡ್ಡಿದ್ದವರು ಕೂಲಿಮಠದ ಅಯ್ಯನೋರಿಗೆ ಕಾಳು ಕಡ್ಡಿ ಕೊಟ್ಟು ಓದಿಸುತ್ತಿದ್ದರು. ಉಳಿದವರು? ನನ್ನ ಮುತ್ತಜ್ಜ ಹೆಬ್ಬೆಟ್ಟು. 1913ರಲ್ಲಿ ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ತಂದು, ಆಮೇಲೆ ಊರೂರಿಗೆ ಸರ್ಕಾರಿ ಶಾಲೆ ಬಂದದ್ದರಿಂದ ನಮ್ಮಂಥವರ ಮನೆಗೆ ಅಕ್ಷರ ಬಂತು. ಈಗ ಓದು ಕಲಿತ ಮೂರನೇ ತಲೆಮಾರು "ಶಾಲೆ ಬೇಡ" ಅನ್ನುತ್ತಿದೆ. ಅನ್ನಲಿ. ಆದರೆ ಯಾವ ಏಣಿ ಹತ್ತಿ ಬಂದೆವು ಅಂತ ಒಮ್ಮೆ ಕೆಳಗೆ ನೋಡಲಿ.

ಕಾನೂನು ಏನು ಹೇಳುತ್ತದೆ? ಕೇಳುವವರು ಬಹಳ ಜನ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಗುವನ್ನು ಶಾಲೆಗೆ ಸೇರಿಸುವುದು ತಂದೆ ತಾಯಿಯ ಕರ್ತವ್ಯ ಎನ್ನುತ್ತದೆ. ಸೇರಿಸದಿದ್ದರೆ ಅಪ್ಪ ಅಮ್ಮನಿಗೆ ಇಷ್ಟು ದಂಡ ಅಂತ ಎಲ್ಲೂ ಇಲ್ಲ. ಮನೆಪಾಠದ ಹೆಸರನ್ನೇ ಅದು ಎತ್ತುವುದಿಲ್ಲ. ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ ಮಾತ್ರ ಒಂದು ಲಕ್ಷ ರೂಪಾಯಿವರೆಗೆ ದಂಡ ಉಂಟು, ನಾಲ್ಕು ಮನೆ ಮಕ್ಕಳನ್ನು ಸೇರಿಸಿಕೊಂಡು ಬೋರ್ಡು ಹಾಕುವವರು ಎಚ್ಚರ. ಮನೆಯಲ್ಲಿದ್ದ ಮಗು ಯಾವಾಗ ಬಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದೂ ಅದೇ ಕಾಯಿದೆ ಹೇಳುತ್ತದೆ. ಜರ್ಮನಿಯಲ್ಲಿ ಶಾಲೆ ಬಿಡಿಸುವಂತಿಲ್ಲ, ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಬಿಡಿಸಬಹುದು. ನಾವು ನಡುವೆ ಎಲ್ಲೋ ಇದ್ದೇವೆ.

ಆರು ವರ್ಷದವರೆಗಂತೂ ಯಾರ ಅಪ್ಪಣೆಯೂ ಬೇಕಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂದು 2022ರಲ್ಲಿ ನಮ್ಮ ಸರ್ಕಾರವೇ ಆದೇಶ ಮಾಡಿತು. 2025ರಲ್ಲಿ ಪೋಷಕರ ಒತ್ತಡಕ್ಕೆ ಬಗ್ಗಿ, ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ನೋಡಿ ನಮ್ಮ ಅವಸರ! ಮಗುವನ್ನು ಇನ್ನೂ ಏಳು ತಿಂಗಳು ಮನೆಯಲ್ಲಿಟ್ಟುಕೊಳ್ಳಲು ನಮಗೆ ತಾಳ್ಮೆಯಿಲ್ಲ.

ಭಾಷೆಯ ವಿಷಯಕ್ಕೆ ಬಂದರೆ, 1994ರಲ್ಲಿ ಸರ್ಕಾರ ಒಂದರಿಂದ ನಾಲ್ಕನೇ ತರಗತಿಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮ ಎಂದು ಆದೇಶಿಸಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು: ಮಾಧ್ಯಮ ಆರಿಸುವ ಹಕ್ಕು ಮಗುವಿನ ಪರವಾಗಿ ತಂದೆ ತಾಯಿಯದು, ಸರ್ಕಾರ ಹೇರುವಂತಿಲ್ಲ. ಅವತ್ತು ನಾವೆಲ್ಲ ಎದೆ ಬಡಿದುಕೊಂಡೆವು. ಐದು ವರ್ಷದ ನಂತರ, ಹೊಳೆನರಸೀಪುರದ ಮಣ್ಣಿನ ಮಗನೇ ಮುಖ್ಯಮಂತ್ರಿಯಾಗಿದ್ದಾಗ, 1,000 ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ತರಗತಿ ಶುರುವಾದವು. ಇನ್ನು ವಿಧಾನಸೌಧದ ಕಡೆ ಮುಖ ಮಾಡಿ ಘೋಷಣೆ ಕೂಗಿದರೆ ಎಷ್ಟು ಬಂತು? ಹಕ್ಕು ಈಗ ನಿಮ್ಮ ಅಡುಗೆಮನೆಯಲ್ಲಿದೆ. ಇಂಗ್ಲಿಷ್ ಆರಿಸುವವರು ಅದನ್ನು ಧಾರಾಳವಾಗಿ ಬಳಸುತ್ತಿದ್ದಾರೆ. ಕನ್ನಡದವರು ಬಳಸಬಾರದು ಅಂತ ಕೋರ್ಟು ಹೇಳಿದೆಯೇ?

ನನ್ನ ಮಗಳ ಕಥೆ ಹೇಳುತ್ತೇನೆ. 2020ರ ಮಾರ್ಚಿನಲ್ಲಿ ಕೊರೋನ ಬಂದು ಎಲ್ಲ ಮುಚ್ಚಿದಾಗ ಅವಳಿಗೆ ಐದು ವರ್ಷ. ಪ್ರೆಸ್ಸೂ ಬಂದ್. ಒಂದೂವರೆ ವರ್ಷ ಮನೆಯೇ ಶಾಲೆ. ಅವಳಜ್ಜಿ ರಾಗಿ ಅಳೆಯುತ್ತಾ ಸೇರು ಪಾವು ಕಲಿಸಿದರು. ಹಳೆಯ ಪ್ರೂಫ್ ಹಾಳೆಯಲ್ಲಿ ತಪ್ಪು ಹುಡುಕುವ ಆಟ ನಾನು ಆಡಿಸಿದೆ. 'ಶುಭಲಗ್ನ'ದಲ್ಲಿ ಒತ್ತು ಬಿಟ್ಟುಹೋದದ್ದನ್ನು ಆರು ತುಂಬುವ ಮೊದಲೇ ಹಿಡಿದಳು. ಇಂಗ್ಲಿಷನ್ನೂ ಹಾಗೇ, ಸೋಪು ಬಿಸ್ಕತ್ತಿನ ಪೊಟ್ಟಣ ಓದಿ ಕಲಿತಳು. ಯಾರೂ ಡೈರಿಯಲ್ಲಿ ಕೆಂಪು ಶಾಯಿ ಹಚ್ಚಲಿಲ್ಲ. ಆದರೆ ಅದೇ ಬೀದಿಯ ಗಾರೆ ಕೆಲಸದವರ ಹುಡುಗ ಅದೇ ಒಂದೂವರೆ ವರ್ಷದಲ್ಲಿ ಕಲಿತಿದ್ದ ಅಕ್ಷರವನ್ನೂ ಮರೆತ. ಅವನ ಮನೆಯಲ್ಲಿ ಹಗಲು ಯಾರೂ ಇರುತ್ತಿರಲಿಲ್ಲ. ಮೇಷ್ಟ್ರುಗಳು ಗುಡಿ ಜಗಲಿಗೆ, ಮರದ ನೆರಳಿಗೆ ಬಂದು ಕಲಿಸಿದ ವಿದ್ಯಾಗಮವೂ 2020ರ ಅಕ್ಟೋಬರಿನಲ್ಲಿ ನಿಂತುಹೋಯಿತು.

2021ರ ಅಕ್ಟೋಬರ್ 25ರಂದು ಚಿಕ್ಕ ತರಗತಿಗಳು ತೆರೆದವು. ಮನೆಯಲ್ಲೇ ಮುಂದುವರಿಸೋಣವೇ ಎಂದು ನಾನೂ ನನ್ನ ಹೆಂಡತಿಯೂ ಮೂರು ರಾತ್ರಿ ಮಾತಾಡಿದೆವು. ಅವಳು ಹೇಳಿದ ಮಾತು: "ಓದು ನಾವು ಹೇಳ್ಕೊಡ್ತೀವಿ ರೀ. ಜಗಳ ಆಡೋದು, ಹಂಚ್ಕೊಂಡು ತಿನ್ನೋದು ಯಾರು ಹೇಳ್ಕೊಡ್ತಾರೆ?" ಬೀದಿ ತುದಿಯ ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದೆವು. ಗಾರೆ ಕೆಲಸದವರ ಹುಡುಗನ ಪಕ್ಕದಲ್ಲೇ ಬಿಸಿಯೂಟಕ್ಕೆ ಕೂತಳು. ಅವನಿಗೆ ಇವಳು ಓದು ಹೇಳಿದಳು, ಇವಳಿಗೆ ಅವನು ಬುಗುರಿ ಬಿಡುವುದು ಹೇಳಿದ.

ಆ ಶಾಲೆ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಒಂದು ಕೋಣೆ ಸೋರುತ್ತದೆ. ಒಂದರಿಂದ ಮೂರನೇ ತರಗತಿಯವರು ನಲಿ-ಕಲಿಯಲ್ಲಿ ಒಟ್ಟಿಗೆ ಕೂರುತ್ತಾರೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಮೇಷ್ಟ್ರುಗಳೇ ಕಟ್ಟಿದ ಆ ಪದ್ಧತಿ ಒಳ್ಳೆಯದೇ, ಕೈತುಂಬ ಮೇಷ್ಟ್ರಿದ್ದರೆ. ಆದರೆ ಶಾಲೆಯ ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕೆಂದು ಕಾಯಿದೆ ಇದೆಯಲ್ಲ? ಆ ಕುರ್ಚಿಗಳಲ್ಲಿ ಈಗ ಯಾರಿದ್ದಾರೆ? ದಿನಗೂಲಿ ಬಿಟ್ಟು ಸಭೆಗೆ ಬರಲಾಗದವರು. ದಿನಕ್ಕೆ ನಾಲ್ಕು ಗಂಟೆ ಮಗುವಿಗೆ ಪಾಠ ಹೇಳುವಷ್ಟು ಬಿಡುವೂ ಬುದ್ಧಿಯೂ ಇರುವ ಅಪ್ಪ ಅಮ್ಮ ತಿಂಗಳಿಗೊಮ್ಮೆ ಅಲ್ಲಿ ಕೂತು ಸೋರುವ ಕೋಣೆಯ ಬಗ್ಗೆ ಅರ್ಜಿ ಬರೆಯಬಾರದೇ? ಓದು ಬಲ್ಲವರೆಲ್ಲ ಹೊರಗೆ ನಿಂತದ್ದರಿಂದಲೇ ಅಲ್ಲವೇ ಕನ್ನಡ ಶಾಲೆಗಳು ಬಡವಾದದ್ದು?

ಕಾಗದಪತ್ರದ ಮಾತೂ ಒಂದಿದೆ, ಪ್ರೆಸ್ಸಿನವನಾಗಿ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ ಪ್ರಮಾಣಪತ್ರ, ಈ ನಮೂನೆಗಳನ್ನು ನೂರರ ಕಟ್ಟಿನಲ್ಲಿ ಅಚ್ಚು ಹಾಕುವವನು ನಾನು. ಸಿಇಟಿಯಲ್ಲಿ ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಶೇ. 5, ಗ್ರಾಮೀಣರಿಗೆ ಶೇ. 15 ಮೀಸಲು. ಸಾಮಾನ್ಯ ಕನ್ನಡಿಗನಾಗಿ ಅರ್ಹತೆ ಪಡೆಯಲೂ ರಾಜ್ಯದಲ್ಲಿ ಏಳು ವರ್ಷ ಓದಿದ ದಾಖಲೆ ಕೇಳುತ್ತಾರೆ. ಕೆಳಗಿನ ಗೆರೆಯ ಮೇಲೆ ಮುಖ್ಯೋಪಾಧ್ಯಾಯರ ಸಹಿ, ಮೊಹರು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕನ್ನಡದಲ್ಲಿ ಓದಿಸಿದರೂ ಆ ಗೆರೆಯ ಮೇಲೆ ಅಪ್ಪನ ಸಹಿ ನಡೆಯುವುದಿಲ್ಲ. ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಬರೆಯಲು ದಾರಿ ಇದೆ, ನಿಜ. ಆದರೆ ಹಿಂದಿನ ವರ್ಷಗಳ ದಾಖಲೆ ಎಲ್ಲಿಂದ ತರುತ್ತೀರಿ? ಹದಿನೆಂಟಕ್ಕೆ ಮಗು ಈ ಪ್ರಶ್ನೆ ಕೇಳುತ್ತದೆ.

ಇದನ್ನೆಲ್ಲ ಸೋದರಳಿಯನಿಗೆ ಒಂದು ಬೈಠಕ್ಕಿನಲ್ಲಿ ಹೇಳಿದೆ. ಆರು ತುಂಬುವವರೆಗೆ ಮಗು ಮನೆಯಲ್ಲೇ ಇರಲಿ, ಆ ಪೆಟ್ಟಿಗೆ ಬೇಡ. ಬೇಸಿಗೆಗೆ ಚನ್ನರಾಯಪಟ್ಟಣದಲ್ಲಿ ಅಜ್ಜಿ ಜೊತೆ ಬಿಡು, ಶ್ರವಣಬೆಳಗೊಳದ ಬೆಟ್ಟ ಹತ್ತಿಸಿ ಮೆಟ್ಟಿಲು ಎಣಿಸಲಿ. ಆಮೇಲೆ ಹತ್ತಿರದ ಕನ್ನಡ ಶಾಲೆಗೆ ಸೇರಿಸು, ಸಂಜೆ ನಿನ್ನ ಹೋಮ್ ಸ್ಕೂಲಿಂಗ್ ಇಟ್ಟುಕೋ, ಇಂಗ್ಲಿಷನ್ನೂ ಅಲ್ಲೇ ಕಲಿಸು. ಅವನು ತಲೆ ಕೆರೆದುಕೊಂಡ. "ಬೆಂಗಳೂರಲ್ಲಿ ನಮ್ಮ ಏರಿಯಾದಲ್ಲಿ ಕನ್ನಡ ಶಾಲೆ ಎಲ್ಲಿದೆ ಅಂತಾನೂ ಗೊತ್ತಿಲ್ಲ ಮಾವ" ಅಂದ.

"ಹುಡುಕೋ. ಫೋನಿನಲ್ಲಿ ಪಿಜ್ಜಾ ಅಂಗಡಿ ಹುಡುಕಲ್ವಾ?" ಅಂದೆ.

ಹೋದ ವಾರ ಫೋನ್ ಮಾಡಿದ್ದ. ಮನೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲೇ ಒಂದು ಸರ್ಕಾರಿ ಶಾಲೆ ಇದೆಯಂತೆ, ನಾಲ್ಕು ವರ್ಷದಿಂದ ದಿನಾ ಅದರ ಮುಂದೆಯೇ ಆಫೀಸಿಗೆ ಹೋಗುತ್ತಿದ್ದನಂತೆ. ಒಳಗೆ ಹೋಗಿ ಮುಖ್ಯೋಪಾಧ್ಯಾಯಿನಿ ಜೊತೆ ಮಾತಾಡಿ ಬಂದಿದ್ದಾನೆ. ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದ್ದಾನೆ. ಹೆಂಡತಿ ಇನ್ನೂ ಒಪ್ಪಿಲ್ಲ. ಮಗು ಸದ್ಯಕ್ಕೆ ಅಕ್ಕನ ಮನೆಯಲ್ಲಿದೆ. ಮುಂದಿನ ಭಾನುವಾರ ಪ್ರೆಸ್ಸಿಗೆ ಕರೆತರುತ್ತಾರೆ, ಅಪ್ಪನ ಕಾಲದ ಮೊಳೆಯ ಕೇಸು ಒಂದನ್ನು ಒರೆಸಿ ಇಟ್ಟಿದ್ದೇನೆ. ಪಕ್ಕದಲ್ಲಿ ಒಂದು ಕನ್ನಡಿಯನ್ನೂ.