ಊಟಕ್ಕೆ ಲೆಕ್ಕ ಉಂಟು, ಆಟಕ್ಕೆ ಲೆಕ್ಕ ಎಲ್ಲಿ?

ಪ್ರಾಥಮಿಕ ಶಾಲೆಯ ಮಗುವಿನ ಮಧ್ಯಾಹ್ನದ ಊಟಕ್ಕೆ ಸರಕಾರ ಗ್ರಾಮಿನ ಲೆಕ್ಕ ಇಟ್ಟಿದೆ. ಒಂದರಿಂದ ಐದನೆ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಒಟ್ಟಿನಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆರರಿಂದ ಎಂಟನೆ ತರಗತಿಯವರಿಗೆ 700 ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಈ ಲೆಕ್ಕ ಎಷ್ಟು ಶಾಲೆಗಳ ತಟ್ಟೆಗೆ ಪೂರ್ತಿಯಾಗಿ ಬಂದು ಬೀಳುತ್ತದೆ ಎಂಬುದು ಬೇರೆ ಮಾತು. ಕಡಿಮೆ ಬಿದ್ದರೆ ಕೇಳುವುದಕ್ಕೆ ನಮ್ಮ ಕೈಯಲ್ಲಿ ಒಂದು ಅಳತೆಯಾದರೂ ಉಂಟು. ಅದೇ ಮಗು ದಿನಕ್ಕೆ ಎಷ್ಟು ಹೊತ್ತು ಓಡಿತು, ಕುಣಿಯಿತು, ಬೆವರಿತು ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ಊಟ ಮತ್ತು ಆಟ ಒಂದೇ ದೇಹಕ್ಕೆ ಬೇಕಾದವು. ಒಂದನ್ನು ತೂಗಿ ಕೊಟ್ಟು ಇನ್ನೊಂದನ್ನು ಮರೆತರೆ ಅರ್ಧ ಕೆಲಸ ಮಾಡಿದಂತೆ.

ಊಟದ ಈ ಲೆಕ್ಕ ಯಾರ ದಯೆಯಿಂದಲೂ ಬಂದುದಲ್ಲ ಎಂಬುದನ್ನು ಗಿರಣಿ ಬಂಧುಗಳು ಮುಖ್ಯವಾಗಿ ತಿಳಿಯಬೇಕು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ಉಣ್ಣೆ ಗಿರಣಿಗಳ ಊರು. ಬಾಲ್ಯದಲ್ಲೆ ಗಿರಣಿ ಕೆಲಸಕ್ಕೆ ಸೇರಿದ್ದ ಫ್ರೆಡ್ ಜೋವೆಟ್ ಎಂಬವರು 1892ರಲ್ಲಿ ಆ ಊರಿನ ನಗರಸಭೆಗೆ ಆರಿಸಿ ಬಂದು, ಹಸಿದ ಮಕ್ಕಳಿಗೆ ಶಾಲೆಯಲ್ಲೆ ಊಟ ಸಿಗಬೇಕೆಂದು ವರ್ಷಗಟ್ಟಲೆ ಹೋರಾಡಿದರು. 1906ರಲ್ಲಿ ಪಾರ್ಲಿಮೆಂಟಿನ ಕಾರ್ಮಿಕ ಸದಸ್ಯರೊಬ್ಬರು ತಂದ ಮಸೂದೆ ಕಾನೂನಾಗಿ, ಶಾಲೆಯಲ್ಲಿ ಊಟ ಕೊಡುವ ಅಧಿಕಾರ ಅಲ್ಲಿನ ಸ್ಥಳೀಯ ಸಂಸ್ಥೆಗಳಿಗೆ ದೊರೆಯಿತು. ಮರುವರ್ಷ ಬ್ರಾಡ್‌ಫರ್ಡಿನಲ್ಲಿ ಊಟ ಪಡೆಯುತ್ತಿದ್ದ ಮಕ್ಕಳನ್ನು ತೂಗಿ ನೋಡಿದರು. ಶಾಲೆ ನಡೆಯುವಾಗ ಮಕ್ಕಳ ತೂಕ ಏರಿತು. ರಜೆ ಬಂದಾಗ ಇಳಿಯಿತು. ಬಡತನದ ಬಗ್ಗೆ ನೂರು ಭಾಷಣ ಹೇಳದ ಮಾತನ್ನು ಒಂದು ತಕ್ಕಡಿ ಹೇಳಿತು.

ನಮ್ಮ ದೇಶದಲ್ಲೂ ದಾರಿ ಸುಲಭವಾಗಿರಲಿಲ್ಲ. ಮದರಾಸಿನ ನಗರಸಭೆಯ ಶಾಲೆಗಳಲ್ಲಿ 1920ರ ದಶಕದಲ್ಲೆ ಈ ಕೆಲಸ ಆರಂಭವಾಗಿತ್ತು. 1956ರಲ್ಲಿ ಕಾಮರಾಜರು ಅದನ್ನು ಆ ರಾಜ್ಯದ ಶಾಲೆಗಳಿಗೆ ಹರಡಲು ತೊಡಗಿದರು. ಕೇಂದ್ರ ಸರಕಾರ ಎಚ್ಚೆತ್ತದ್ದು 1995ರ ಆಗಸ್ಟ್ 15ರಂದು. ಆಗಲೂ ಬಹುಪಾಲು ರಾಜ್ಯಗಳು ತಿಂಗಳಿಗೆ 3 ಕಿಲೊ ಧಾನ್ಯವನ್ನು ಮನೆಗೆ ಕೊಟ್ಟು ಕೈ ತೊಳೆದುಕೊಂಡವು. ಬೇಯಿಸಿದ ಊಟವನ್ನೇ ಬಡಿಸಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞೆ ಮಾಡಬೇಕಾಯಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಬೀದರ, ಗುಲ್ಬರ್ಗ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಉಳಿದ ಕಡೆಗೂ ಬಂತು. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಬಂತು. 2024ರಲ್ಲಿ ಹಾಲಿನೊಡನೆ ರಾಗಿ ಪುಡಿಯೂ ಬಂತು. ಅದೇ ವರ್ಷ ಒಂದು ಖಾಸಗಿ ಪ್ರತಿಷ್ಠಾನದ ಹಣ ಸೇರಿ ಮೊಟ್ಟೆ ವಾರಕ್ಕೆ ಆರು ದಿನವಾಯಿತು. ಇದು ಸಂತೋಷದ ಸಂಗತಿಯೇ. ಆದರೆ ಮಕ್ಕಳ ಊಟ ದಾನಿಗಳ ಒಪ್ಪಂದದ ಅವಧಿಗೆ ಕಟ್ಟುಬೀಳಕೂಡದು. ದಾನ ಮುಗಿದ ದಿನ ಮೊಟ್ಟೆ ನಿಲ್ಲದಂತೆ ಸರಕಾರ ಈಗಲೇ ತನ್ನ ಬೊಕ್ಕಸದಲ್ಲಿ ಹಣ ಕಾದಿರಿಸಬೇಕು.

ಮೊಟ್ಟೆಯ ಬಗ್ಗೆ ಎದ್ದ ಗದ್ದಲ ಓದುಗರಿಗೆ ನೆನಪಿದೆ. ತಿನ್ನದವರಿಗೆ ಬಾಳೆಹಣ್ಣು ಉಂಟು; ಯಾರ ಬಾಯಿಗೂ ಯಾರೂ ತುರುಕುತ್ತಿಲ್ಲ. ತಾನು ತಿನ್ನದ್ದನ್ನು ಇನ್ನೊಬ್ಬರ ಮಗುವೂ ತಿನ್ನಕೂಡದೆಂಬ ಹಟ ಮಾತ್ರ ನಮಗೆ ಅರ್ಥವಾಗದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ. ಕೂಲಿಯವನ ಮನೆಯ ಮಗುವಿಗೆ ಅದು ಸಣ್ಣ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ನೂರಕ್ಕೆ 65 ಮಂದಿಗೆ ರಕ್ತಹೀನತೆ. ಇಂಥ ಮಕ್ಕಳೇ ಮುಂದೆ ಒಂದನೆ ತರಗತಿಗೆ ಬಂದು ಕೂರುವವರು.

ಇನ್ನೊಂದು ಮಾತು. ಮೊದಲ ಪಾಳಿಗೆ ಹೊರಡುವ ತಂದೆ ತಾಯಿಯರ ಮಕ್ಕಳು ಬೆಳಗ್ಗೆ ಏನು ತಿಂದು ಶಾಲೆಗೆ ಹೋಗುತ್ತಾರೆ? ಒಂದು ಲೋಟ ಚಹ, ಹೆಚ್ಚೆಂದರೆ ಎರಡು ಬಿಸ್ಕತ್ತು. ಆ ಮಗು ಮಧ್ಯಾಹ್ನದ ಗಂಟೆಯವರೆಗೆ ಮಗ್ಗಿ ಹೇಳಬೇಕು. ತಮಿಳುನಾಡು 2022ರ ಸೆಪ್ಟೆಂಬರಿನಲ್ಲಿ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ಉಪಾಹಾರ ಆರಂಭಿಸಿ, ಮರುವರ್ಷ ರಾಜ್ಯಕ್ಕೆಲ್ಲ ಹರಡಿತು. ನೆರೆಯವರಿಗೆ ಆದದ್ದು ನಮಗೆ ಯಾಕೆ ಆಗದು? ನಮ್ಮಲ್ಲಿ ರಾಗಿ ಬೆಳೆಯುವ ರೈತನಿದ್ದಾನೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೆ ಒಂದು ಪಾಲೂ ಇಲ್ಲ. ರಾಗಿ ಗಂಜಿ, ರೊಟ್ಟಿ, ಉಪ್ಪಿಟ್ಟು ಮಾಡಲು ವಿಲಾಯತಿ ಯಂತ್ರ ಬೇಕಿಲ್ಲ.

ಈಗ ಆಟದ ಮಾತು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾನೂನು ಪ್ರತಿ ಶಾಲೆಗೂ ಆಟದ ಮೈದಾನ, ಆಟದ ಸಾಮಾನು ಇರಬೇಕೆನ್ನುತ್ತದೆ. ಆದರೆ ಅದೇ ಕಾನೂನು ದೈಹಿಕ ಶಿಕ್ಷಣದ ಬೋಧಕರನ್ನು ಕೇಳುವುದು ಆರರಿಂದ ಎಂಟನೆ ತರಗತಿಗೆ, ಅದೂ ಮಕ್ಕಳ ಸಂಖ್ಯೆ ನೂರು ಮೀರಿದಲ್ಲಿ, ಅದೂ ಅರೆಕಾಲಿಕರನ್ನು. ಐದನೆ ತರಗತಿಯವರೆಗಿನ ಸಣ್ಣ ಮಕ್ಕಳಿಗೆ ಅಷ್ಟೂ ಇಲ್ಲ. ಇದರ ಮೇಲೆ ಇದ್ದ ಆಟದ ಪೀರಿಯಡ್ಡನ್ನು ಪರೀಕ್ಷೆಯ ಹೆಸರಿನಲ್ಲಿ ಗಣಿತ ನುಂಗುತ್ತದೆ. ಇದ್ದ ಮೈದಾನದ ಒಂದು ಮೂಲೆಯನ್ನು ನೆರೆಯವನ ಕಾಂಪೌಂಡು ನುಂಗುತ್ತದೆ. ಹಣವುಳ್ಳವರ ಶಾಲೆಗಳಿಗೆ ಈಜುಕೊಳ, ತರಬೇತುದಾರರು. ನಮ್ಮ ಮಕ್ಕಳಿಗೆ ಕೈಕಟ್ಟಿ ಕೂರುವ ಶಿಸ್ತು.

ಆಟದಿಂದ ಹೊಟ್ಟೆ ತುಂಬುತ್ತದೆಯೇ ಎಂದು ನಮ್ಮವರೇ ಕೆಲವರು ಕೇಳುತ್ತಾರೆ. ಹೊಟ್ಟೆ ತುಂಬದೆ ಆಡಿಸುವುದು ಹಿಂಸೆ ಎಂಬುದು ನಿಜ. ಆದರೆ ತಿಂದ ಅನ್ನ ಎಲುಬಾಗಿ ಮಾಂಸವಾಗಿ ಕೂಡಬೇಕಾದರೆ ಮೈ ದುಡಿಯಬೇಕು. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ. ದೊಡ್ಡವರ ಕಬಡ್ಡಿಯ ಅಂಗಣಕ್ಕೇ 13 ಮೀಟರ್ ಉದ್ದ, 10 ಮೀಟರ್ ಅಗಲದ ಜಾಗ ಸಾಕು. ಚಿಕ್ಕವರಿಗೆ ಇನ್ನೂ ಕಡಿಮೆ. ಖೊಖೊಗೆ ಎರಡು ಕಂಬ, ಲಗೋರಿಗೆ ಏಳು ಹೆಂಚಿನ ಚೂರು, ಕುಂಟಾಬಿಲ್ಲೆಗೆ ಒಂದು ಸುಣ್ಣದ ಗೆರೆ ಸಾಕು. ಬೇಕಾದದ್ದು ದಿನಕ್ಕೆ ಒಂದು ಗಂಟೆ ಹೊತ್ತು, ಮತ್ತು ಆ ಹೊತ್ತನ್ನು ಯಾರೂ ಕಸಿಯಕೂಡದೆಂಬ ನಿಯಮ. ಹೆಣ್ಣುಮಕ್ಕಳನ್ನು ಆ ಹೊತ್ತಿನಲ್ಲಿ ಕಸ ಗುಡಿಸಲು ಕಳಿಸುವ ಪದ್ಧತಿ ಎಲ್ಲಿದ್ದರೂ ಅದು ನಿಲ್ಲಬೇಕು.

ಅಂಗಡಿಯ ಬಂಧುಗಳಿಗೂ ನಮ್ಮ ಮಾತಿದೆ. ಉಪ್ಪು, ಸಕ್ಕರೆ, ಕೊಬ್ಬು ಅತಿಯಾದ ತಿಂಡಿಯನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಕೂಡದೆಂದು 2020ರ ಆಹಾರ ನಿಯಮ ಹೇಳುತ್ತದೆ. ಈ ನಿಯಮದ ಬೆತ್ತ ಬೀಳುವುದಾದರೆ ಮೊದಲು ಬೀಳುವುದು ಗೂಡಂಗಡಿಯವನ ಬೆನ್ನಿಗೆ. ಐದು ರೂಪಾಯಿಯ ಪೊಟ್ಟಣ ತಯಾರಿಸಿ, ಸಿನಿಮಾ ತಾರೆಯರಿಂದ ಜಾಹೀರು ಮಾಡಿಸುವ ದೊಡ್ಡ ಕಂಪನಿಗಳಿಗಲ್ಲ. ಇದು ಅನ್ಯಾಯ, ಅಧಿಕಾರಿಗಳು ಮೊದಲು ಮೇಲಿನವರನ್ನು ಹಿಡಿಯಲಿ. ಆದರೂ ಆ ಪೊಟ್ಟಣ ತಿನ್ನುವ ಮಗು ನಮ್ಮ ಕೇರಿಯದೇ ತಾನೆ? ಹುರಿಗಡಲೆ, ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು, ಸೌತೆಕಾಯಿ, ಚಿಕ್ಕಿ ಮಾರಿದರೆ ಲಾಭ ಊರಲ್ಲೆ ಉಳಿಯುತ್ತದೆ. ಶಾಲೆಗಳೂ ತರಕಾರಿ, ಬಾಳೆಹಣ್ಣುಗಳನ್ನು ಊರಿನ ಸಣ್ಣ ವ್ಯಾಪಾರಿಗಳಿಂದಲೇ ಕೊಂಡು, ತಿಂಗಳು ತಿಂಗಳು ತಪ್ಪದೆ ಹಣ ಕೊಡಲಿ. ಬಾಕಿ ಇಟ್ಟರೆ ತಟ್ಟೆಯ ತರಕಾರಿ ಕರಗುತ್ತದೆ.

ಒಲೆಯ ಮುಂದೆ ನಿಂತ ತಾಯಂದಿರನ್ನು ಮರೆಯುವುದು ಹೇಗೆ? ಅಡುಗೆಯವರಿಗೆ ತಿಂಗಳಿಗೆ 1000 ರೂಪಾಯಿ ಗೌರವಧನವೆಂದು ಕೇಂದ್ರ 2009ರಲ್ಲಿ ಗೊತ್ತುಮಾಡಿತು. ಹದಿನೈದು ವರ್ಷ ಕಳೆದರೂ ಆ ಅಂಕಿ ಕದಲಲಿಲ್ಲ. ರಾಜ್ಯ ತನ್ನ ಕೈಯಿಂದ ಸೇರಿಸಿ ಹೆಚ್ಚಿಸಿದ ಮೇಲೂ ಅದು ಕನಿಷ್ಠ ಕೂಲಿಯ ಹತ್ತಿರಕ್ಕೆ ಬರುವುದಿಲ್ಲ. ನೂರಾರು ಮಕ್ಕಳಿಗೆ ಅನ್ನ ಬೇಯಿಸುವ ಕೈಗೆ ಕೂಲಿ ಎನ್ನದೆ ಗೌರವಧನ ಎಂದು ಹೆಸರಿಟ್ಟ ಮಾತ್ರಕ್ಕೆ ಗೌರವ ಬಂದಂತಾಗದು.

ಈ ಕೆಲಸಕ್ಕೆ ಬೆಂಗಳೂರಿನ ಕಡೆ ನೋಡುತ್ತ ಕೂರಬೇಕಿಲ್ಲ. ಪ್ರತಿ ಸರಕಾರಿ ಶಾಲೆಗೂ ಒಂದು ಉಸ್ತುವಾರಿ ಸಮಿತಿ ಇದೆ. ಅದರಲ್ಲಿ ಮುಕ್ಕಾಲು ಪಾಲು ತಂದೆ ತಾಯಿಯರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಎಂದು ಕಾನೂನೇ ಹೇಳುತ್ತದೆ. ಗಿರಣಿಯವರೂ ಅಂಗಡಿಯವರೂ ಆ ಸಮಿತಿಯಲ್ಲಿ ಕೂರಬೇಕು. ಪಾಳಿಯ ರಜೆಯ ದಿನ ಸರದಿಯಂತೆ ಇಬ್ಬರು ಹೋಗಿ ಬೇಳೆ, ತರಕಾರಿ ತೂಗಿ ನೋಡಲಿ, ಊಟದ ರುಚಿ ನೋಡಲಿ. ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ, ತೂಕ ಅಳೆದು ಬರೆದಿಡಲಿ. ಮೈದಾನದ ಸರ್ವೆ ಮಾಡಿಸಿ ಕಲ್ಲು ನೆಡಿಸಲಿ. ವೇಳಾಪಟ್ಟಿಯಲ್ಲಿ ದಿನಕ್ಕೊಂದು ಆಟದ ಗಂಟೆಯನ್ನು ಬರೆಸಿ, ಅದು ನಡೆಯಿತೆ ಇಲ್ಲವೆ ಎಂದು ಮಕ್ಕಳನ್ನೆ ಕೇಳಲಿ. ಬೆಳಗಿನ ಉಪಾಹಾರಕ್ಕಾಗಿ ಪ್ರತಿ ಸಮಿತಿಯೂ ನಿರ್ಣಯ ಮಾಡಿ ಜಿಲ್ಲಾ ಪಂಚಾಯಿತಿಗೆ ಕಳಿಸಲಿ. ಒಂದು ಶಾಲೆಯ ಕಾಗದ ಕಸದ ಬುಟ್ಟಿಗೆ ಹೋದೀತು. ಜಿಲ್ಲೆಯ ಎಲ್ಲ ಶಾಲೆಗಳ ಕಾಗದ ಬುಟ್ಟಿಯಲ್ಲಿ ಹಿಡಿಸಲಾರದು.